ಮುಂಬಯಿಯಲ್ಲಿ ಕೋಟು ಯಾಕೆ ಎನ್ನುವವರಿಗೆ



ಈ ವಾರ ಕೊಲೆಸ್ಟರಾಲ್ ಬಗ್ಗೆ ಅಲ್ಲ, ಕೋಟಿನ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೆ ಬಟ್ಟೆ ಅಂಗಡಿಯ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ದಯವಿಟ್ಟು ಕೊನೆಯವರೆಗೆ ಓದಿ.

"ಮುಂಬಯಿಯಲ್ಲಿ ಚಳಿ ಎಲ್ಲಿದೆ ಡಾಕ್ಟ್ರೇ?" ಎಂದು ನಗುವವರು ಸಾಮಾನ್ಯವಾಗಿ ಬೆಳಿಗ್ಗೆ ಎಂಟು ಗಂಟೆಗೆ ಏಳುವವರು. ನಾಲ್ಕು ಗಂಟೆಯ ಮುಂಬಯಿಯೇ ಬೇರೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರಿರುತ್ತಾರೆ ನೋಡಿ. ಸೊಸೈಟಿ ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುವ ವಾಚ್‌ಮ್ಯಾನ್, ಸ್ಟೇಷನ್ ಹೊರಗೆ ಪೇಪರ್ ವಿಂಗಡಿಸುವವರು, ಸ್ಕೂಟರಿಗೆ ಹಾಲಿನ ಕ್ರೇಟ್ ಕಟ್ಟಿಕೊಂಡು ಹೊರಟವರು, ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಗೋಣಿಚೀಲ ಬಿಚ್ಚುವವರು, ಸಸೂನ್ ಡಾಕ್‌ನಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಎಳೆಯುವವರು, ಹೋಟೆಲಿನ ಶಟರ್ ಎತ್ತಿ ಒಲೆ ಹಚ್ಚುವ ನಮ್ಮ ಊರಿನ ಹುಡುಗರು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ನಾಕಾದಲ್ಲಿ ಕೂಲಿಗಾಗಿ ಕಾದು ನಿಲ್ಲುವವರೂ ಇದ್ದಾರೆ. ಇವರಲ್ಲಿ ಎಷ್ಟು ಜನ ಕನ್ನಡದವರು ಎಂದು ನಿಮಗೇ ಗೊತ್ತು. ನಿಮ್ಮ ಮನೆಯಲ್ಲೇ ಒಬ್ಬರಾದರೂ ಇರಬಹುದು.

ಸಾಂತಾಕ್ರೂಜ್‌ನಲ್ಲಿ ಜನವರಿ ತಿಂಗಳ ಬೆಳಗಿನ ತಾಪಮಾನ ಸರಾಸರಿ 17 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಧ್ಯಾಹ್ನ 30-31ಕ್ಕೆ ಏರುತ್ತದೆ. ಕೆಲವು ವರ್ಷ ಹನ್ನೆರಡು-ಹದಿಮೂರಕ್ಕೂ ಇಳಿಯುತ್ತದೆ. 1962ರ ಜನವರಿ 22ರಂದು ಅದೇ ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ದಾಖಲಾಗಿತ್ತು. ಸಮುದ್ರದಿಂದ ದೂರ ಹೋದಂತೆ ರಾತ್ರಿ ಇನ್ನಷ್ಟು ತಣ್ಣಗಾಗುತ್ತದೆ. ಬದ್ಲಾಪುರ, ಕರ್ಜತ್, ಪನ್ವೇಲ್ ಕಡೆ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲ ಲೋಕಲ್ ಹಿಡಿದು ಬಾಗಿಲಲ್ಲಿ ನಿಂತು ಬರುವವರ ಮೈಗೆ ತಾಗುವ ಗಾಳಿಯ ಚಳಿ ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ.

ಇಷ್ಟು ಕಡಿಮೆ ಚಳಿ ಹೃದಯಕ್ಕೆ ಏನು ಮಾಡೀತು? ಇಲ್ಲಿಯೇ ನಮ್ಮ ಲೆಕ್ಕ ತಪ್ಪುವುದು.

ಮೈಗೆ ತಣ್ಣನೆ ಗಾಳಿ ತಾಗಿದ ಕೂಡಲೇ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಒಳಗಿನ ಶಾಖ ಹೊರಗೆ ಹೋಗಬಾರದೆಂದು ದೇಹ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಬಾಗಿಲು ಹಾಕಿದಾಗ ಒಳಗಿನ ಒತ್ತಡ ಏರುತ್ತದೆ, ಅಂದರೆ ಬಿ.ಪಿ. ಏರುತ್ತದೆ. ಆ ಒತ್ತಡದ ಎದುರು ಹೃದಯ ಹೆಚ್ಚು ಬಲ ಹಾಕಿ ರಕ್ತ ತಳ್ಳಬೇಕು, ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಹೃದಯದ ರಕ್ತನಾಳಗಳು ಸ್ವಚ್ಛವಾಗಿದ್ದರೆ ತೊಂದರೆ ಇಲ್ಲ. ಒಳಗೆ ಅರ್ಧ, ಮುಕ್ಕಾಲು ಭಾಗ ಕೊಬ್ಬು ಕಟ್ಟಿಕೊಂಡಿದ್ದರೆ ಬೇಡಿಕೆ ಏರುತ್ತದೆ, ಪೂರೈಕೆ ಏರುವುದಿಲ್ಲ. ಎದೆ ಹಿಡಿಯುತ್ತದೆ. ಇದರ ಜೊತೆಗೆ ಚಳಿಯಲ್ಲಿ ರಕ್ತ ಸ್ವಲ್ಪ ಗಟ್ಟಿಯಾಗುತ್ತದೆ, ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ಅಷ್ಟಲ್ಲದೆ ಬೆಳಗಿನ ಆರರಿಂದ ಮಧ್ಯಾಹ್ನದವರೆಗಿನ ಹೊತ್ತು ಹೇಗೂ ಹೃದಯಾಘಾತಗಳು ಹೆಚ್ಚಾಗಿ ಆಗುವ ಹೊತ್ತು. ಚಳಿ, ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ ಭಾರ ಎತ್ತುವ ಕೆಲಸ, ಮೂರೂ ಒಂದೇ ಗಳಿಗೆಯಲ್ಲಿ ಸೇರಿಕೊಳ್ಳುತ್ತವೆ.

ಈಗ ನನಗೆ ತುಂಬ ಮುಖ್ಯ ಎನಿಸುವ ಒಂದು ಅಧ್ಯಯನದ ವಿಷಯ. 1997ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಯುರೋಪಿನ ಬೆಚ್ಚಗಿನ ಮತ್ತು ತಣ್ಣಗಿನ ಪ್ರದೇಶಗಳನ್ನು ಹೋಲಿಸಿ ನೋಡಿದ ಒಂದು ವರದಿ ಬಂತು. ಹಿಮದ ನಾಡಾದ ಫಿನ್‌ಲ್ಯಾಂಡಿನಲ್ಲಿ ಚಳಿಗೆ ಹೆಚ್ಚು ಜನ ಸಾಯುತ್ತಾರೆ ಎಂದುಕೊಳ್ಳುತ್ತೀರಿ ಅಲ್ಲವೇ? ಆದದ್ದು ಉಲ್ಟಾ. ಹವೆ 18 ಡಿಗ್ರಿಗಿಂತ ಕೆಳಗೆ ಒಂದೊಂದು ಡಿಗ್ರಿ ಇಳಿದಾಗಲೂ ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ಸಾವು ಶೇಕಡಾ 2.15ರಷ್ಟು ಏರುತ್ತಿತ್ತು. ದಕ್ಷಿಣ ಫಿನ್‌ಲ್ಯಾಂಡಿನಲ್ಲಿ ಏರಿದ್ದು ಶೇಕಡಾ 0.27 ಮಾತ್ರ. ಯಾಕೆ? ಹೊರಗೆ 7 ಡಿಗ್ರಿ ಇದ್ದಾಗ ಫಿನ್‌ಲ್ಯಾಂಡಿನಲ್ಲಿ ನೂರಕ್ಕೆ 72 ಜನ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು, ಅಥೆನ್ಸ್‌ನಲ್ಲಿ 13 ಜನ. ಮನೆ ಬೆಚ್ಚಗಿಡುವುದರಲ್ಲೂ ಹಾಗೆಯೇ ವ್ಯತ್ಯಾಸ. ಮರುವರ್ಷ ಸೈಬೀರಿಯಾದ ಯಾಕುಟ್ಸ್ಕ್ ಊರಿನ ಬಗ್ಗೆ ಇನ್ನೊಂದು ವರದಿ ಬಂತು. ಅಲ್ಲಿ ಚಳಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಹೋಗುತ್ತದೆ. ಆದರೂ ಚಳಿ ಹೆಚ್ಚಿದಂತೆ ಹೃದ್ರೋಗದ ಸಾವು ಏರಲಿಲ್ಲ. ಅವರು ಪದರ ಪದರವಾಗಿ ದಪ್ಪ ಬಟ್ಟೆ ತೊಟ್ಟೇ ಹೊರಗೆ ಕಾಲಿಡುತ್ತಾರೆ.

ಅಂದರೆ ಅಪಾಯ ಹೆಚ್ಚಿರುವುದು ಚಳಿ ಹೆಚ್ಚಿರುವ ಊರಿನಲ್ಲಲ್ಲ. ಚಳಿಯನ್ನು ಲೆಕ್ಕಕ್ಕೇ ಇಡದ ಊರಿನಲ್ಲಿ. ಮುಂಬಯಿ ಅಂಥ ಊರು.

ಇನ್ನೊಂದು ಮಾತು. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ನಡುವಯಸ್ಸು 53 ಎಂದು ಕಂಡಿತು. ಬೇರೆಯವರಿಗೆ ಸುಮಾರು 59. ಆರು ವರ್ಷ ಮೊದಲು. ಆ ವಯಸ್ಸಿನಲ್ಲಿ ನಮ್ಮ ಜನ ರಿಟೈರ್ ಆಗಿರುವುದಿಲ್ಲ. ಗೇಟು ಕಾಯುತ್ತಲೋ ಮೂಟೆ ಹೊರುತ್ತಲೋ ಇರುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರಾತ್ರಿ ಅಥವಾ ಬೆಳಗಿನ ಜಾವ ಹೊರಗೆ ದುಡಿಯುವ, ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಒಳ್ಳೆಯ ಕೋಟು ಬೇಕು. ಅದು ಶೋಕಿ ಅಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ ಎರಡು ಸಲ ಬೇಕು. ಹಬ್ಬಕ್ಕೆ ಮೊಬೈಲಿನ ಕವರ್ ಬದಲಿಸುತ್ತೇವೆ, ಅಪ್ಪನ ಮೈಮೇಲೆ ಮಾತ್ರ ಹತ್ತು ವರ್ಷದ ಹಿಂದಿನ ಅರ್ಧ ತೋಳಿನ ಸ್ವೆಟರ್.

ಎಂಥ ಕೋಟು? ಇದಕ್ಕೆ ಉತ್ತರ ನಮ್ಮ ಅಜ್ಜಂದಿರ ಬಳಿ ಇತ್ತು. ಕುರುಬರು ನೇಯ್ದ ಕರಿ ಕಂಬಳಿ. ಚಳ್ಳಕೆರೆಯ ಕಂಬಳಿ, ರಾಣೆಬೆನ್ನೂರು ಕಡೆಯ ಮೇಡ್ಲೇರಿ ಕಂಬಳಿ ಎಂದರೆ ಇಂದಿಗೂ ಹೆಸರು. ಹೊಲ ಕಾಯುವವನು, ಕುರಿ ಕಾಯುವವನು ಕೊಪ್ಪೆ ಮಾಡಿ ತಲೆ ಮೇಲಿಂದ ಇಳಿಬಿಟ್ಟುಕೊಂಡರೆ ಗಾಳಿಯೂ ತಾಗುತ್ತಿರಲಿಲ್ಲ, ಜಿಟಿಜಿಟಿ ಮಳೆಯೂ ಒಳಗೆ ಬರುತ್ತಿರಲಿಲ್ಲ. ಉಣ್ಣೆಯ ಗುಟ್ಟು ಇಷ್ಟೇ: ಅದರ ಎಳೆಗಳು ಸುರುಳಿ ಸುರುಳಿ, ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ. ಅಲ್ಲದೆ ಉಣ್ಣೆ ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ. ಹತ್ತಿ ಹಾಗಲ್ಲ. ಬೆವರಿಗೆ ಒದ್ದೆಯಾದ ಹತ್ತಿ ಬನಿಯನ್ ಮೈಗೆ ಅಂಟಿಕೊಂಡು ಶಾಖವನ್ನೆಲ್ಲ ಎಳೆದು ಹಾಕುತ್ತದೆ.

ಆದರೆ ಕಂಬಳಿ ಹೊದ್ದು ಗೇಟು ತೆಗೆಯುವುದು ಕಷ್ಟ. ಪ್ರತಿ ಕಾರಿಗೂ ಎದ್ದಾಗ ಹೆಗಲಿಂದ ಜಾರುತ್ತದೆ. ಸ್ಕೂಟರಿನ ಮೇಲಂತೂ ಆಗದ ಮಾತು. ಆದ್ದರಿಂದ ತೋಳಿರುವ ಕಂಬಳಿಯಂಥದು ಒಂದು ಬೇಕು. ಅದನ್ನು ಎರಡು ಪದರದಲ್ಲಿ ಮಾಡಿಕೊಳ್ಳಿ. ಒಳಗೆ ಪೂರ್ತಿ ತೋಳಿನ, ತೆಳು ಉಣ್ಣೆಯ ಅಥವಾ ಫ್ಲೀಸಿನ ಸ್ವೆಟರ್. ಹೊರಗೆ ಗಾಳಿ ತಡೆಯುವ, ಬಿಗಿ ನೇಯ್ಗೆಯ ಜಾಕೆಟ್. ಒಂದೇ ಭಾರಿ ದಪ್ಪದ ಕೋಟಿಗಿಂತ ಇದು ನಮ್ಮ ಊರಿಗೆ ಸರಿ. ಬೆಳಿಗ್ಗೆ ನಾಲ್ಕಕ್ಕೆ ಎರಡೂ ಬೇಕು, ಏಳಕ್ಕೆ ಒಂದು ಸಾಕು, ಒಂಬತ್ತಕ್ಕೆ ಎರಡೂ ಚೀಲದೊಳಗೆ. ಹದಿನಾಲ್ಕು ಡಿಗ್ರಿ ವ್ಯತ್ಯಾಸದ ದಿನಕ್ಕೆ ಒಂದೇ ದಪ್ಪ ಕೋಟು ತೆಗೆದುಕೊಂಡರೆ ಅದು ಮೂರನೇ ದಿನದಿಂದ ಮೊಳೆಯ ಮೇಲೆ ನೇತಾಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದನ್ನು ಹೇಳುತ್ತೇನೆ. ಜಾಕೆಟಿನ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ, ಆ ಕಡೆ ಅಂಗೈ ಇಡಿ. ಉಸಿರು ಅಂಗೈಗೆ ತಾಗಿದರೆ ಗಾಳಿಯೂ ಒಳಗೆ ಬರುತ್ತದೆ, ಬಿಟ್ಟುಬಿಡಿ. ಅಂಗಡಿಯವನು ನಕ್ಕರೆ ನಗಲಿ. ಝಿಪ್ಪು ದಪ್ಪ ಹಲ್ಲಿನ ಪ್ಲಾಸ್ಟಿಕ್‌ನದಾಗಿರಲಿ. ನಮ್ಮ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಅಗ್ಗದ ಲೋಹದ ಝಿಪ್ಪು ಒಂದೇ ವರ್ಷದಲ್ಲಿ ಹಸಿರು ಹಿಡಿದು ಸಿಕ್ಕಿಕೊಳ್ಳುತ್ತದೆ. ಝಿಪ್ಪಿನ ಹಿಂದೆ ಅಥವಾ ಮೇಲೆ ಬಟ್ಟೆಯ ಪಟ್ಟಿ ಇರಬೇಕು, ಇಲ್ಲದಿದ್ದರೆ ಗಾಳಿ ಹಲ್ಲುಗಳ ನಡುವಿನಿಂದ ಸೀದಾ ಎದೆಗೇ ಬರುತ್ತದೆ. ಕಾಲರ್ ಎತ್ತಿದರೆ ಕುತ್ತಿಗೆ ಮುಚ್ಚಬೇಕು. ಮಣಿಕಟ್ಟಿನಲ್ಲಿ ಇಲಾಸ್ಟಿಕ್ ಇರಲಿ. ಉದ್ದ ಸೊಂಟದ ಕೆಳಗೆ ಬರಬೇಕು. ಬಗ್ಗಿ ಮೂಟೆ ಎತ್ತುವಾಗ ಬೆನ್ನು ಬಯಲಾದರೆ ಕೋಟು ಹಾಕಿಯೂ ಏನು ಬಂತು?

ಬಾಳಿಕೆ ನೋಡುವುದು ಹೊಲಿಗೆಯಲ್ಲಿ. ಹೆಗಲಿನ, ಕಂಕುಳಿನ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ದಾರದ ನಡುವೆ ಬೆಳಕು ಕಂಡರೆ ಬೇಡ. ಜೋಡಿ ಹೊಲಿಗೆ ಇರಬೇಕು. ಜೇಬಿನ ಎರಡೂ ಮೂಲೆಯಲ್ಲಿ ಅಡ್ಡ ಟಾಕಿ ಹಾಕಿದ್ದಾರೆಯೇ ನೋಡಿ, ಜೇಬು ಮೊದಲು ಹರಿಯುವುದು ಅಲ್ಲೇ. ತೊಟ್ಟುಕೊಂಡು ಎರಡೂ ಕೈ ಮೇಲೆತ್ತಿ. ಎದೆಯ ಮೇಲೆ ಬಿಗಿದರೆ ಒಂದು ಸೈಜು ದೊಡ್ಡದು ಕೇಳಿ. ಬಿಗಿಯಾದ ಕೋಟಿನಲ್ಲಿ ಗಾಳಿಯ ಪದರ ನಿಲ್ಲುವುದಿಲ್ಲ, ಬೆಚ್ಚಗಾಗುವುದೂ ಇಲ್ಲ. ರಸ್ತೆಯಲ್ಲಿ ಕೆಲಸ ಮಾಡುವವರು ಬೆನ್ನ ಮೇಲೆ ಹೊಳೆಯುವ ಪಟ್ಟಿ ಇರುವಂಥದನ್ನು ತೆಗೆದುಕೊಳ್ಳಿ. ನಸುಕಿನಲ್ಲಿ ಅದು ಡಾಕ್ಟರಿಗಿಂತ ಹೆಚ್ಚು ಜೀವ ಉಳಿಸುತ್ತದೆ.

ಚರ್ಮದ ಜಾಕೆಟ್ ಬೇಡ. ಧಾರಾವಿಯಲ್ಲಿ ಚೆನ್ನಾದವು ಸಿಗುತ್ತವೆ, ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತವೆ. ಆದರೆ ಭಾರ, ಬೆವರು ಒಳಗೇ ಉಳಿಯುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ರೆಕ್ಸಿನ್ ಜಾಕೆಟ್ ಅದಕ್ಕಿಂತ ಕೆಟ್ಟದ್ದು. ಹಕ್ಕಿಯ ಪುಕ್ಕ ತುಂಬಿದ ಉಬ್ಬುಜಾಕೆಟ್ ಒಣ ಹಿಮದ ದೇಶಕ್ಕೆ ಹೇಳಿ ಮಾಡಿಸಿದ್ದು. ಅಮೆರಿಕದಿಂದ ಮಗ ತಂದುಕೊಟ್ಟರೆ ಬೇಡ ಎನ್ನಬೇಡಿ, ಆದರೆ ನೀವಾಗಿ ದುಡ್ಡು ಕೊಟ್ಟು ಕೊಳ್ಳಬೇಡಿ. ಒದ್ದೆಯಾದರೆ ಪುಕ್ಕ ಮುದ್ದೆಯಾಗಿ ಶಾಖ ಹಿಡಿಯುವುದೇ ಇಲ್ಲ.

ಸ್ವೆಟರಿಗೆ ನನ್ನ ಮೆಚ್ಚುಗೆ ಚಳಿಗಾಲದಲ್ಲಿ ಬಂದು ಅಂಗಡಿ ಹಾಕುವ ಟಿಬೆಟನ್ನರಿಗೆ. ಇವರಲ್ಲಿ ಹಲವರು ನಮ್ಮವರೇ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ನೆಲೆ ಕಂಡ ಕುಟುಂಬಗಳು. ಅಲ್ಲಿಂದ ಪ್ರತಿ ಚಳಿಗಾಲ ಊರೂರಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಸರಕು ಹೆಚ್ಚಾಗಿ ಲುಧಿಯಾನದ್ದು. ಕನ್ನಡದಲ್ಲಿ ಮಾತಾಡಿಸಿ ನೋಡಿ, ಎಷ್ಟೋ ಜನ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಉಣ್ಣೆಯೋ ಆಕ್ರಿಲಿಕ್ಕೋ ಎಂದು ಕೇಳಿ ತೆಗೆದುಕೊಳ್ಳಿ. ಆಕ್ರಿಲಿಕ್ ಅಗ್ಗ, ತೊಳೆಯುವುದು ಸುಲಭ, ವಾಚ್‌ಮ್ಯಾನ್ ಕೆಲಸಕ್ಕೆ ನಡೆಯುತ್ತದೆ. ಆದರೆ ಬೆಂಕಿ ಕಾಯಿಸುವವರು, ಒಲೆಯ ಬಳಿ ನಿಲ್ಲುವವರು ಅದನ್ನು ತೊಡಬಾರದು. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ.

ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಒಂದು ಪ್ರತ್ಯೇಕ ಮಾತು. ಒಲೆಯ ಮುಂದೆ ಬನಿಯನ್‌ನಲ್ಲಿ ನಿಂತು ದೋಸೆ ಹುಯ್ದು, ಬೆವರಿಳಿಯುವ ಮೈಯಲ್ಲೇ ಹಿಂದಿನ ಬಾಗಿಲಿಂದ ಗಲ್ಲಿಗೆ ಬಂದು ನಿಂತು ಬೀಡಿ ಹಚ್ಚುವುದನ್ನು ನೋಡಿದ್ದೇನೆ. ಒದ್ದೆ ಮೈ, ತಣ್ಣನೆ ಗಾಳಿ, ಬೀಡಿ. ಬೀಡಿಯೂ ರಕ್ತನಾಳ ಕುಗ್ಗಿಸುತ್ತದೆ, ಚಳಿಯೂ ಕುಗ್ಗಿಸುತ್ತದೆ. ಹೊರಗೆ ಬರುವ ಮುಂಚೆ ಮೈ ಒರೆಸಿ ಒಣ ಅಂಗಿ ಹಾಕಿಕೊಳ್ಳಿ, ಮೇಲೊಂದು ಜಾಕೆಟ್. ಬೀಡಿಯ ಬಗ್ಗೆ ನಾನು ಹೇಳುವುದು ನಿಮಗೆ ಗೊತ್ತೇ ಇದೆ.

ವಾಶಿ ಮಾರುಕಟ್ಟೆಯ ಮಾಥಾಡಿಗಳು, ಮೂಟೆ ಹೊರುವವರು ಇದಕ್ಕೆ ವಿರುದ್ಧ ಕ್ರಮ ಇಟ್ಟುಕೊಳ್ಳಿ. ಭಾರ ಎತ್ತುವ ಮೊದಲು ಝಿಪ್ಪು ಬಿಚ್ಚಿ, ಕೆಲಸ ನಿಂತ ಕೂಡಲೇ ಹಾಕಿ. ಕೆಲಸ ಮಾಡುವಾಗ ದೇಹವೇ ಒಲೆ. ಆಗ ಕೋಟಿನೊಳಗೆ ಬೆವರಿದರೆ ಆಮೇಲೆ ಅದೇ ಬೆವರು ತಣ್ಣಗಾಗಿ ನಡುಗಿಸುತ್ತದೆ. ಬ್ಯಾಗಿನಲ್ಲಿ ಒಂದು ಒಣ ಬನಿಯನ್ ಇರಲಿ, ಹೆಚ್ಚೇನೂ ಭಾರವಿಲ್ಲ.

ಸ್ಕೂಟರ್, ಬೈಕಿನವರು ಶರ್ಟಿನೊಳಗೆ ಎದೆಗೆ ಹಳೆ ಪೇಪರ್ ಇಟ್ಟುಕೊಳ್ಳುವುದನ್ನು ನೀವು ನೋಡಿರಬಹುದು. ಅದು ಬಡವರ ಉಪಾಯ ಎಂದು ಹೀಗಳೆಯಬೇಡಿ. ಕಾಗದ ಗಾಳಿಯನ್ನು ನಿಜವಾಗಿ ತಡೆಯುತ್ತದೆ. ಜಾಕೆಟ್ ಬರುವವರೆಗೆ ಅದೇ ಇರಲಿ.

ಇನ್ನು ಮುಂಬಯಿಯಲ್ಲಿ ವರ್ಷವಿಡೀ ಚಳಿಗಾಲ ಇರುವ ಜಾಗವೊಂದಿದೆ, ಕೋಲ್ಡ್ ಸ್ಟೋರೇಜ್. ಹೆಪ್ಪುಗಟ್ಟಿಸಿದ ಮೀನು ಇಡುವ ಕೋಣೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಹೊರಗೆ ಲಾರಿ ನಿಂತ ಕಡೆ 33. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ಮೀನಿನ ವ್ಯವಹಾರದಲ್ಲಿವೆ, ಅವರಿಗೆ ಇದು ಗೊತ್ತಿದೆ. ಇಲ್ಲಿಗೆ ಮೇಲೆ ಹೇಳಿದ ಜಾಕೆಟ್ ಸಾಲದು. ದಪ್ಪ ಅಸ್ತರಿನ ಕೋಟು, ಪ್ಯಾಂಟು, ಕೈಗವಸು, ಟೋಪಿ, ಬೂಟು ಎಲ್ಲ ಬೇಕು, ಮತ್ತು ಅದನ್ನು ಕೊಡುವುದು ಮಾಲಕರ ಜವಾಬ್ದಾರಿ. ಹತ್ತು ಜನರಿಗೆ ಎರಡೇ ಕೋಟು ಇಟ್ಟು, "ಐದು ನಿಮಿಷದ ಕೆಲಸ, ಹಾಗೇ ಹೋಗಿ ಬಾ" ಎನ್ನುವುದು ನಿಲ್ಲಬೇಕು. ಐವತ್ತು ಡಿಗ್ರಿ ವ್ಯತ್ಯಾಸಕ್ಕೆ ದಿನಕ್ಕೆ ಇಪ್ಪತ್ತು ಸಲ ಮೈಯೊಡ್ಡುವವರ ಬಿ.ಪಿ. ಏನಾಗುತ್ತದೆ, ಯೋಚಿಸಿ. ಹೃದಯದ ತೊಂದರೆ ಇದೆ ಎಂದು ಗೊತ್ತಾದವರನ್ನು ಈ ಕೆಲಸದಿಂದ ಬೇರೆ ಕೆಲಸಕ್ಕೆ ಹಾಕಿ.

ಮಂಕಿ ಕ್ಯಾಪ್ ಬಗ್ಗೆ ಮಕ್ಕಳು ನಗುತ್ತಾರೆ. ನಾನು ಮಂಕಿ ಕ್ಯಾಪ್ ಕಡೆಯವನು. ತಲೆಯಿಂದಲೇ ಅರ್ಧ ಶಾಖ ಹೋಗುತ್ತದೆ ಎಂದು ನಿಮಗೆ ಬರುವ ಫಾರ್ವರ್ಡ್ ಸುಳ್ಳು. ತಲೆ ಮೈಯ ಹತ್ತನೇ ಒಂದು ಭಾಗದಷ್ಟು, ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮುಖಕ್ಕೆ, ಕಿವಿಗೆ ಹೊಡೆಯುವ ತಣ್ಣನೆ ಗಾಳಿ ಬಿ.ಪಿ. ಏರಿಸುತ್ತದೆ. ಅದಕ್ಕಾಗಿ ಮುಚ್ಚಿಕೊಳ್ಳಿ.

ಈಗ ಈ ಲೇಖನ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ.

ಚಳಿಗಾಲದಲ್ಲಿ ನನ್ನ ಬಳಿ ಬರುವವರು ಪದೇ ಪದೇ ಹೇಳುವ ಮಾತು: "ಬೆಳಿಗ್ಗೆ ಸ್ಟೇಷನ್ನಿಗೆ ನಡೆಯುವಾಗ ಎದೆಗೆ ಚಳಿಗಾಳಿ ಹೊಡೆದು ಬಿಗಿಯುತ್ತೆ ಡಾಕ್ಟ್ರೇ, ಎರಡು ನಿಮಿಷ ನಿಂತರೆ ಹೋಗುತ್ತೆ. ಸ್ವೆಟರ್ ಹಾಕಿದ ಮೇಲೆ ಕಡಿಮೆ ಆಗಿದೆ." ಇದನ್ನು ಅವರು ಒಳ್ಳೆಯ ಸುದ್ದಿ ಎಂದು ಹೇಳುತ್ತಾರೆ. ನನಗೆ ಅದು ಕೆಟ್ಟ ಸುದ್ದಿ. ನಡೆದಾಗ ಬಂದು, ನಿಂತಾಗ ಹೋಗುವ ಎದೆಬಿಗಿತ ಚಳಿಗಾಳಿಯದ್ದಲ್ಲ, ಹೃದಯದ ರಕ್ತನಾಳದ್ದು. ಅದಕ್ಕೆ ಆಂಜೈನಾ ಎನ್ನುತ್ತೇವೆ. ಕೋಟು ಹಾಕಿದಾಗ ಕಡಿಮೆಯಾದದ್ದು ನೋವು ಮಾತ್ರ, ಒಳಗಿನ ಅಡಚಣೆ ಹಾಗೇ ಇದೆ. ಬಾಮ್ ಹಚ್ಚಿ, ಬಿಸಿನೀರು ಕುಡಿದು, ಓಮದ ಕಾಳು ಅಗಿದು ಫೆಬ್ರವರಿಯವರೆಗೆ ತಳ್ಳುವವರು ಇದ್ದಾರೆ. ಎಲ್ಲರೂ ಫೆಬ್ರವರಿ ನೋಡುವುದಿಲ್ಲ.

ಆದ್ದರಿಂದ ಇಂಥ ಬಿಗಿತ ಒಂದು ಸಲ ಬಂದರೂ ಇ.ಸಿ.ಜಿ. ಮಾಡಿಸಿ. ಇ.ಸಿ.ಜಿ. ಸರಿಯಿದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಕೂತಾಗ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇರಬಹುದು. ನಡೆದಾಗ ಬರುತ್ತದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ, ಮುಂದಿನ ಪರೀಕ್ಷೆ ಅವರು ಹೇಳುತ್ತಾರೆ. ದುಡ್ಡಿಲ್ಲ ಎಂದು ಬಿಡಬೇಡಿ. ಕೆ.ಇ.ಎಂ., ಸಯನ್, ನಾಯರ್, ಕೂಪರ್ ಮುನಿಸಿಪಲ್ ಆಸ್ಪತ್ರೆಗಳು ಇರುವುದು ನಮಗಾಗಿಯೇ. ಸಾಲು ಉದ್ದವಿರುತ್ತದೆ, ನಿಜ. ಮನೆಯ ಒಬ್ಬರು ಜೊತೆಗೆ ಹೋಗಿ.

ಕೂತಲ್ಲೇ ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ಬೆನ್ನಿಗೋ ಹರಡಿ, ಆ ಚಳಿಯಲ್ಲೂ ಜಾಕೆಟಿನೊಳಗೆ ತಣ್ಣನೆ ಬೆವರು ಬಂದರೆ ಅದು ಗ್ಯಾಸ್ ಅಲ್ಲ. ಬೆಳಗಾಗಲಿ ಎಂದು ಕಾಯಬೇಡಿ. ಡ್ಯೂಟಿ ಬದಲಿಸುವವನು ಬರಲಿ ಎಂದೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ. ಸ್ವಂತ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣು, ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆ ಅಗಿದು ನುಂಗಬಹುದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಫಾರ್ವರ್ಡ್ ಪ್ರತಿ ವರ್ಷ ಬರುತ್ತದೆ. ಅದನ್ನು ಅಳಿಸಿ ಹಾಕಿ.

ಮಾತ್ರೆ ತೆಗೆದುಕೊಳ್ಳುವವರು ಎರಡು ವಿಷಯ ನೆನಪಿಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ಮಾತ್ರೆಗಳಿಂದ ಚಳಿಗಾಲದಲ್ಲಿ ಕೈಕಾಲು ತಣ್ಣಗಾಗುವುದುಂಟು. ಅದಕ್ಕೆ ಹೆದರಿ ನೀವೇ ನಿಲ್ಲಿಸಬೇಡಿ, ಏಕಾಏಕಿ ನಿಲ್ಲಿಸುವುದು ಅಪಾಯ. ಕಾಲುಚೀಲ ಹಾಕಿ, ಡಾಕ್ಟರಿಗೆ ಹೇಳಿ. ಎರಡನೆಯದು, ಮೂಗು ಕಟ್ಟಿದೆ ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವ ಕೆಲವು ನೆಗಡಿ ಮಾತ್ರೆಗಳು ಬಿ.ಪಿ. ಏರಿಸುತ್ತವೆ. ಬಿ.ಪಿ. ಇದೆ ಎಂದು ಅಂಗಡಿಯವರಿಗೆ ಮೊದಲೇ ಹೇಳಿ.

ಚಳಿಗೆಂದು ಒಂದು ಕ್ವಾರ್ಟರ್ ಹಾಕುವವರಿಗೆ: ಮದ್ಯ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಮೈ ಬೆಚ್ಚಗಾದಂತೆ ಅನಿಸುವುದು ಒಳಗಿನ ಶಾಖ ಹೊರಗೆ ಸೋರುತ್ತಿರುವುದರಿಂದ. ಹಾಗೆಯೇ ಗೇಟಿನ ಪಕ್ಕ ಟಯರು, ಪ್ಲಾಸ್ಟಿಕ್, ಪೇಂಟ್ ಬಳಿದ ಹಲಗೆ ಸುಟ್ಟು ಬೆಂಕಿ ಕಾಯಿಸಬೇಡಿ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಚಳಿಗಾಲದಲ್ಲಿ ಗಾಳಿ ಕದಲದೆ ಮುಂಬಯಿಯ ಹೊಗೆ ಮೊದಲೇ ನೆಲಕ್ಕೆ ಹತ್ತಿರ ಕೂತಿರುತ್ತದೆ, ಅದಕ್ಕೆ ನಾವೂ ಸೇರಿಸುವುದು ಬೇಡ. ಸೆಕ್ಯುರಿಟಿ ಕ್ಯಾಬಿನ್ನಿನೊಳಗೆ ಇದ್ದಿಲ ಕೆಂಡ ಇಟ್ಟು ಬಾಗಿಲು ಮುಚ್ಚುವುದಂತೂ ಖಂಡಿತ ಕೂಡದು. ಒಳಗಿದ್ದವರು ನಿದ್ದೆಯಲ್ಲೇ ಹೋಗಿಬಿಡುತ್ತಾರೆ.

ಎಳ್ಳಮಾವಾಸ್ಯೆಗೆ ಊರಿಗೆ ಹೋಗುವವರು ಕೋಟು ಮರೆಯಬೇಡಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಕಿಟಕಿ ಮುಚ್ಚಿದರೂ ಸಂದಿಯಿಂದ ಗಾಳಿ ಬರುತ್ತದೆ. ಬೀದರ್, ವಿಜಯಪುರ ಕಡೆ ಆ ದಿನಗಳಲ್ಲಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಹೋಗುವುದುಂಟು. ಮುಂಬಯಿಯ ಅಂಗಿಯಲ್ಲಿ ಇಳಿದು, ನಸುಕಿನಲ್ಲೇ ಹೊಲಕ್ಕೆ ಹೋಗಿ, ಮಧ್ಯಾಹ್ನ ಸಜ್ಜೆ ರೊಟ್ಟಿ, ಭಜ್ಜಿ ಹೊಟ್ಟೆ ತುಂಬ ಉಂಡು, ಚಳಿಗಾಳಿಯಲ್ಲಿ ಗುಡ್ಡ ಹತ್ತುವ ಐವತ್ತರ ಮೇಲಿನವರು ಸ್ವಲ್ಪ ನಿಧಾನಿಸಿ. ಉಣ್ಣಬೇಡಿ ಎನ್ನುವುದಿಲ್ಲ, ಹಬ್ಬಕ್ಕೆ ಅಷ್ಟೂ ಇಲ್ಲದಿದ್ದರೆ ಹೇಗೆ.

ಕೊನೆಯದಾಗಿ, ಸೊಸೈಟಿಯ ಕಮಿಟಿಯಲ್ಲಿರುವ, ಹೋಟೆಲ್, ಅಂಗಡಿ ನಡೆಸುವ ಓದುಗರಿಗೆ. ವಾಚ್‌ಮ್ಯಾನಿಗೆ ಯೂನಿಫಾರ್ಮ್ ಕೊಡುತ್ತೀರಿ, ಅದು ತೆಳ್ಳನೆ ಟೆರಿಕಾಟ್. ಜನರಲ್ ಬಾಡಿ ಮೀಟಿಂಗಿನಲ್ಲಿ ಇನ್ನೆರಡು ಸಿ.ಸಿ. ಟಿ.ವಿ. ಕ್ಯಾಮೆರಾಕ್ಕೆ ಚರ್ಚೆಯಿಲ್ಲದೆ ಒಪ್ಪಿಗೆ ಸಿಗುತ್ತದೆ. ಒಂದು ಕ್ಯಾಮೆರಾದ ದುಡ್ಡಿಗೆ ಒಬ್ಬ ವಾಚ್‌ಮ್ಯಾನಿಗೆ ಒಳ್ಳೆಯ ಜಾಕೆಟ್, ಸ್ವೆಟರ್ ಎರಡೂ ಬರುತ್ತವೆ. "ಏಜೆನ್ಸಿ ಕೊಡಬೇಕು" ಎಂದು ನೀವು, "ಸೊಸೈಟಿ ಕೊಡಬೇಕು" ಎಂದು ಏಜೆನ್ಸಿ, ಹೀಗೆ ಜನವರಿ ಮುಗಿಯುತ್ತದೆ. ನಿಮ್ಮ ಕಟ್ಟಡದ ಗೇಟಿನಲ್ಲಿ ಕೂತವರು ಕನ್ನಡದವರಾಗಿರಲಿ, ಬಿಹಾರದವರಾಗಿರಲಿ, ನೇಪಾಳದವರಾಗಿರಲಿ, ಅವರ ಹೃದಯದ ರಕ್ತನಾಳ ಕುಗ್ಗುವುದು ಒಂದೇ ರೀತಿ. ಮುಂದಿನ ಮೀಟಿಂಗಿನಲ್ಲಿ ಈ ವಿಷಯ ನೀವೇ ಎತ್ತಿ. ರಾತ್ರಿ ಪಾಳಿಯವರೆಲ್ಲರಿಗೂ ಒಂದೊಂದು ಕೊಡಿ, ಇಬ್ಬರಿಗೆ ಸೇರಿ ಒಂದು ಕೊಡಬೇಡಿ. ಬೇರೆಯವರ ಬೆವರಿನ ಒದ್ದೆ ಕೋಟು ತೊಡಲು ಯಾರಿಗೂ ಮನಸ್ಸಾಗುವುದಿಲ್ಲ. ಕ್ಯಾಬಿನ್ನಿಗೆ ಗಾಳಿ ಬರುವ ಕಡೆ ಒಂದು ತಗಡಿನ ಮರೆಯನ್ನೂ ಹಾಕಿಸಿ.

ಕೊಂಡ ಕೋಟು ನಾಲ್ಕೈದು ಚಳಿಗಾಲ ಬರಬೇಕಾದರೆ ಮಾರ್ಚಿನಲ್ಲಿ ತೊಳೆದು, ಎರಡು ದಿನ ನೆರಳುಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಬೇವಿನ ಒಣಎಲೆಯೋ ನುಸಿಗುಳಿಗೆಯೋ ಹಾಕಿ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಜುಲೈಯಲ್ಲಿ ಬೂಸು ಬರುತ್ತದೆ. ದಸರೆಯ ಹೊತ್ತಿಗೆ ಒಮ್ಮೆ ಬಿಸಿಲಿಗೆ ಹಾಕಿ. ಅಪ್ಪನಿಗೆ, ಅಣ್ಣನಿಗೆ, ಗೇಟಿನ ಮಾಮನಿಗೆ ಯಾರಿಗೆ ತರುವುದಾದರೂ ಹೋಗುವ ಮುಂಚೆ ಅಳತೆ ತೆಗೆದುಕೊಳ್ಳಿ, ಸ್ವೆಟರ್ ಹಾಕಿಸಿಯೇ ಎದೆಯಳತೆ ತೆಗೆಯಿರಿ.